ಕೋಬೊದಲ್ಲಿ ಕನ್ನಡ ಫಾಂಟ್ ಹಾಕಿದರೂ ಒತ್ತಕ್ಷರ ಕೂಡುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾವು ಟೊರಾಂಟೊದಲ್ಲಿದ್ದೇವೆ. ಊರಿಂದ ಅತ್ತೆ ಬಂದಿದ್ದಾರೆ. ಅವರಿಗೆ ಓದಲು ಅಂತ ನನ್ನ ಇ-ಪುಸ್ತಕ ಓದುವ ಸಾಧನ ಕೋಬೊ ಕ್ಲಾರಾಗೆ ಕನ್ನಡದ ಇಪಬ್ ಪುಸ್ತಕ ಹಾಕಿದೆ. ಮೊದಲು ಬರೀ ಚೌಕ ಡಬ್ಬಿಗಳು ಬಂದವು. ಕನ್ನಡ ಫಾಂಟ್ ಹಾಕಿದ ಮೇಲೆ ಅಕ್ಷರ ಬಂತು, ಆದರೆ ಒತ್ತಕ್ಷರ ಕೂಡುತ್ತಿಲ್ಲ. ‘ಅಮ್ಮ’ ಅಂತ ಇರಬೇಕಾದ್ದು ‘ಅಮ್‌ಮ’ ಅಂತ ಕಾಣುತ್ತದೆ. ಬೇರೆ ಬೇರೆ ಫಾಂಟ್ ಹಾಕಿದರೂ ಹಾಗೇ ಇದೆ. ಯಾವ ಫಾಂಟ್ ಸರಿ? ಮನೆಯಲ್ಲಿ ಕಿಂಡಲ್ ಪೇಪರ್‌ವೈಟ್ ಕೂಡ ಇದೆ, ಅದರಲ್ಲಿ ಸುಲಭವಾ? ಅತ್ತೆಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆ, ಅಕ್ಷರ ಸ್ವಲ್ಪ ದಪ್ಪಗಿದ್ದರೆ ಒಳ್ಳೆಯದು.

ಉತ್ತರ:

ಫಾಂಟ್ ಬದಲಾಯಿಸುತ್ತಾ ಹೋಗುವುದನ್ನು ಮೊದಲು ನಿಲ್ಲಿಸಿ. ನೀವು ಹಾಕಿದ ಫಾಂಟ್‌ಗಳಲ್ಲಿ ತಪ್ಪಿಲ್ಲ. ಇನ್ನೂ ಹತ್ತು ಹಾಕಿದರೂ ಇದೇ ಆಗುತ್ತದೆ, ಯಾಕೆಂದರೆ ತೊಂದರೆ ಇರುವುದು ಬೇರೆ ಕಡೆ.

ಯುನಿಕೋಡ್‌ನಲ್ಲಿ ‘ಅಮ್ಮ’ ಅನ್ನುವ ಪದ ನಾಲ್ಕು ಸಂಕೇತಗಳಾಗಿ ಕೂತಿರುತ್ತದೆ: ಅ, ಮ, ಹಲಂತದ ಗುರುತು, ಮತ್ತೆ ಮ. ಮ ಒತ್ತು ಅನ್ನುವುದಕ್ಕೆ ಬೇರೆ ಸಂಕೇತವೇ ಇಲ್ಲ. ಆ ಒತ್ತಿನ ಚಿತ್ರ ಫಾಂಟ್ ಒಳಗಡೆ ಇರುತ್ತದೆ. ‘ಮ, ಹಲಂತ, ಮ ಒಟ್ಟಿಗೆ ಬಂದರೆ ಎರಡನೇ ಮ ತೆಗೆದು ಕೆಳಗೆ ಒತ್ತು ಹಾಕು’ ಅನ್ನುವ ನಿಯಮವೂ ಅಲ್ಲೇ ಇರುತ್ತದೆ. ಆದರೆ ಆ ನಿಯಮವನ್ನು ಓದಿ ಪಾಲಿಸುವುದು ಫಾಂಟ್ ಅಲ್ಲ, ಪುಸ್ತಕ ತೋರಿಸುವ ತಂತ್ರಾಂಶ. ಅದು ಆ ಕೆಲಸ ಮಾಡದಿದ್ದರೆ ಫಾಂಟ್ ಎಷ್ಟು ಚೆನ್ನಾಗಿದ್ದರೂ ಅಕ್ಷರಗಳು ಒಂದರ ಪಕ್ಕ ಒಂದು ಬಿಡಿಬಿಡಿಯಾಗಿ ನಿಲ್ಲುತ್ತವೆ. ಅರ್ಕಾವತ್ತಿಗೂ ಇದೇ ಗತಿ. ‘ಕರ್ನಾಟಕ’ದಲ್ಲಿ ರಕಾರ ತನ್ನ ಜಾಗ ಬಿಟ್ಟು ‘ನಾ’ ಆದಮೇಲೆ ಹೋಗಿ ಕೂರಬೇಕು. ಕೂರಿಸುವವರು ಇಲ್ಲದಿದ್ದರೆ ‘ಕರ್‌ನಾಟಕ’ ಆಗುತ್ತದೆ. ನಿಮ್ಮ ಪುಸ್ತಕದಲ್ಲಿ ಇದೂ ಆಗಿರುತ್ತದೆ, ನೋಡಿ.

ಕೋಬೊದಲ್ಲಿ ಹೀಗಾಗುವುದಕ್ಕೆ ಒಂದು ಸ್ಪಷ್ಟ ಕಾರಣ ಇದೆ. ಆ ಸಾಧನದೊಳಗೆ ಪುಸ್ತಕ ತೋರಿಸುವ ಎರಡು ಬೇರೆ ಬೇರೆ ಎಂಜಿನ್‌ಗಳಿವೆ. ಸಾದಾ ಇಪಬ್ ಕಡತ ಹಾಕಿದರೆ ಅದನ್ನು ತೆರೆಯುವುದು ಅಡೋಬಿಯವರ ಎಂಜಿನ್. ಇಂಗ್ಲಿಷಿಗೆ ಅದು ಸಾಕು, ಭಾರತದ ಲಿಪಿಗಳ ಒತ್ತು, ಗುಣಿತ ಅದಕ್ಕೆ ಆಗುವುದಿಲ್ಲ. ಕೋಬೊ ಅಂಗಡಿಯಲ್ಲಿ ಕೊಂಡ ಪುಸ್ತಕಗಳು ಬರುವುದು ಕೆಪಬ್ ಅನ್ನುವ ರೂಪದಲ್ಲಿ. ಅದನ್ನು ತೆರೆಯುವ ಎಂಜಿನ್ ಬೇರೆ, ವೆಬ್ ಬ್ರೌಸರ್ ಜಾತಿಯದ್ದು, ಕನ್ನಡಕ್ಕೆ ಎಷ್ಟೋ ಮೇಲು. ಹಾಗಾಗಿ ಅದೇ ಪುಸ್ತಕವನ್ನು ಕೆಪಬ್ ಮಾಡಿ ಹಾಕಿ ನೋಡುವುದು ಮೊದಲ ಹೆಜ್ಜೆ.

ಇದು ಕಷ್ಟದ ಕೆಲಸ ಅಲ್ಲ. ಕಂಪ್ಯೂಟರಿಗೆ ಕ್ಯಾಲಿಬರ್ ಅನ್ನುವ ಇ-ಪುಸ್ತಕ ತಂತ್ರಾಂಶ ಹಾಕಿಕೊಳ್ಳಿ, ಉಚಿತ. 2025ರಲ್ಲಿ ಬಂದ ಎಂಟನೇ ಆವೃತ್ತಿಯಿಂದ ಅದರಲ್ಲೇ ಕೆಪಬ್ ಸೌಲಭ್ಯ ಇದೆ, ಕೋಬೊ ಜೋಡಿಸಿ ಪುಸ್ತಕ ಕಳಿಸಿದರೆ ತಾನೇ ಬದಲಾಯಿಸಿ ಕಳಿಸುತ್ತದೆ. ಹಳೆಯ ಕ್ಯಾಲಿಬರ್ ಇದ್ದರೆ ಸುಮ್ನೆ ಅಪ್‌ಡೇಟ್ ಮಾಡಿಬಿಡಿ. ಕ್ಯಾಲಿಬರ್ ಬೇಡ ಅನ್ನುವವರಿಗೆ ಕೆಪಬಿಫೈ ಅಂತ ಸಣ್ಣ ಉಚಿತ ತಂತ್ರಾಂಶ ಇದೆ, ಅದಕ್ಕೆ ಇಪಬ್ ಕೊಟ್ಟರೆ ಕೆಪಬ್ ವಾಪಸ್ ಕೊಡುತ್ತದೆ. ಒಂದು ಎಚ್ಚರಿಕೆ: ಕೈಯಾರೆ ಕಾಪಿ ಮಾಡುವಾಗ ಕಡತದ ಹೆಸರಿನ ಕೊನೆಯಲ್ಲಿ ಚುಕ್ಕಿ ಕೆಪಬ್, ಚುಕ್ಕಿ ಇಪಬ್ ಎರಡೂ ಅದೇ ಕ್ರಮದಲ್ಲಿ ಇರಬೇಕು. ಬರೀ ಇಪಬ್ ಅಂತ ಇದ್ದರೆ ಕೋಬೊ ಅದನ್ನು ಮತ್ತೆ ಅಡೋಬಿ ಎಂಜಿನ್‌ಗೇ ಕೊಡುತ್ತದೆ, ನೀವು ಮತ್ತೆ ಫಾಂಟನ್ನು ಬೈಯುತ್ತಾ ಕೂರುತ್ತೀರಿ. ಹಳೆಯ ಪ್ರತಿಯನ್ನು ಸಾಧನದಿಂದ ಅಳಿಸಿ. ಇಲ್ಲದಿದ್ದರೆ ಒಂದೇ ಹೆಸರಿನ ಎರಡು ಪುಸ್ತಕ ಇರುತ್ತವೆ, ಅತ್ತೆ ತೆರೆಯುವುದು ಖಂಡಿತ ಹಳೆಯದನ್ನೇ.

ಫಾಂಟ್ ಹಾಕುವ ವಿಧಾನ ನಿಮಗೆ ಗೊತ್ತಾಗಿದೆ, ಆದರೂ ಒಮ್ಮೆ ಹೇಳಿಬಿಡುತ್ತೇನೆ. ಯುಎಸ್‌ಬಿ ತಂತಿ ಸಿಕ್ಕಿಸಿ, ಪರದೆ ಮೇಲೆ ಕನೆಕ್ಟ್ ಒತ್ತಿ. ಕಂಪ್ಯೂಟರಿನಲ್ಲಿ ಕೋಬೊ ಒಂದು ಡ್ರೈವ್ ಆಗಿ ಕಾಣುತ್ತದೆ. ಅದರ ಬುಡದಲ್ಲೇ, ಅಂದರೆ ಬೇರೆ ಯಾವ ಫೋಲ್ಡರಿನ ಒಳಗೂ ಅಲ್ಲ, ‘ಫಾಂಟ್ಸ್’ ಅಂತ ಇಂಗ್ಲಿಷ್ ಸಣ್ಣಕ್ಷರದಲ್ಲಿ ಒಂದು ಫೋಲ್ಡರ್ ಮಾಡಿ, ಟಿಟಿಎಫ್ ಅಥವಾ ಒಟಿಎಫ್ ಕಡತಗಳನ್ನು ಅದಕ್ಕೆ ಹಾಕಿ. ಜಿಪ್ ಬಿಚ್ಚದೆ ಹಾಕಿದರೆ ಕಾಣುವುದಿಲ್ಲ. ಕಡತದ ಹೆಸರು ಫಾಂಟಿನ ಹೆಸರು, ಅಡ್ಡಗೆರೆ, ಆಮೇಲೆ ರೆಗ್ಯುಲರ್ ಅಥವಾ ಬೋಲ್ಡ್ ಅಂತ ಇರಲಿ. ಆಗ ಎರಡೂ ಒಂದೇ ಕುಟುಂಬ ಅಂತ ಕೋಬೊಗೆ ಗೊತ್ತಾಗುತ್ತದೆ. ಆಮೇಲೆ ಸರಿಯಾಗಿ ಎಜೆಕ್ಟ್ ಮಾಡಿ ತಂತಿ ತೆಗೆಯಿರಿ. ಪುಸ್ತಕ ತೆರೆದು ಅಕ್ಷರದ ಮೆನುವಿನಲ್ಲಿ ನಿಮ್ಮ ಫಾಂಟ್ ಆರಿಸಿ.

ಕೆಪಬ್ ಮಾಡಿದ ಮೇಲೂ ಅಲ್ಲಲ್ಲಿ ಒತ್ತು ತಪ್ಪಿದರೆ, ಅಥವಾ ನಿಮಗೆ ಅಕ್ಷರದ ಮೇಲೆ ಜಾಸ್ತಿ ಹಿಡಿತ ಬೇಕು ಅನ್ನಿಸಿದರೆ, ಕೆಒರೀಡರ್ ಅನ್ನುವ ಪುಸ್ತಕ ಓದುವ ತಂತ್ರಾಂಶ ಹಾಕಿ. ಕನ್ನಡ ಓದುವ ಕೋಬೊಗೆ ನಾನು ಕೊಡುವ ನಿಜವಾದ ಸಲಹೆ ಇದೇ. ಇದು ಮುಕ್ತ ತಂತ್ರಾಂಶ, ಕೋಬೊದ ಮೂಲ ವ್ಯವಸ್ಥೆಯನ್ನು ಮುರಿಯದೆ ಅದರ ಪಕ್ಕದಲ್ಲೇ ಕೂರುತ್ತದೆ, ಬೇಡವಾದಾಗ ಹೊರಗೆ ಬಂದು ಮಾಮೂಲಿ ಕೋಬೊ ಬಳಸಬಹುದು. ಇದರೊಳಗೆ ಅಕ್ಷರ ಜೋಡಿಸುವುದು ಹಾರ್ಫ್‌ಬಜ್ ಅನ್ನುವ ಎಂಜಿನ್. ಆಂಡ್ರಾಯ್ಡ್ ಫೋನಿನಲ್ಲೂ, ಕ್ರೋಮ್ ಮತ್ತು ಫೈರ್‌ಫಾಕ್ಸ್‌ನಲ್ಲೂ ಕನ್ನಡವನ್ನು ಸರಿಯಾಗಿ ಕೂಡಿಸುವುದು ಇದೇ. ಹಾಗಾಗಿ ಫೋನಿನಲ್ಲಿ ಸರಿ ಕಂಡ ಕನ್ನಡ ಇಲ್ಲೂ ಸರಿಯಾಗಿಯೇ ಕಾಣುತ್ತದೆ. ಇದಕ್ಕೆ ಫಾಂಟ್ ಹಾಕುವ ಜಾಗ ಬೇರೆ: ಕೆಒರೀಡರ್ ಫೋಲ್ಡರಿನ ಒಳಗಿರುವ ಫಾಂಟ್ಸ್ ಫೋಲ್ಡರ್. ಅದರ ಹೊರಗಿನ ಫೋಲ್ಡರ್ ಹೆಸರು ಚುಕ್ಕಿಯಿಂದ ಶುರುವಾಗುವುದರಿಂದ ಮ್ಯಾಕ್‌ನಲ್ಲಿ ಅಡಗಿರುತ್ತದೆ. ಕಮಾಂಡ್, ಶಿಫ್ಟ್, ಚುಕ್ಕಿ ಮೂರನ್ನೂ ಒಟ್ಟಿಗೆ ಒತ್ತಿದರೆ ಕಾಣುತ್ತದೆ. ಫಾಂಟ್ ಪಟ್ಟಿಯಲ್ಲಿ ನಿಮಗೆ ಬೇಕಾದ ಹೆಸರನ್ನು ಒತ್ತಿ ಹಿಡಿದರೆ ಎಲ್ಲ ಪುಸ್ತಕಕ್ಕೂ ಅದೇ ಆಗುವ ಹಾಗೆ ಮಾಡಬಹುದು. ಇನ್ನೊಂದು ಮುಖ್ಯ: ಕೆಳಗಿನ ಮೆನುವಿನಲ್ಲಿ ಕರ್ನಿಂಗ್ ಅಂತ ಒಂದು ಆಯ್ಕೆ ಇದೆ, ಅದು ‘ಬೆಸ್ಟ್’ ಮೇಲೆ ಇರಬೇಕು. ಕನ್ನಡದಂಥ ಲಿಪಿಗೆ ಬೇಕಾದ ಪೂರ್ತಿ ಜೋಡಣೆ ನಡೆಯುವುದು ಅಲ್ಲಿದ್ದಾಗ ಮಾತ್ರ. ಅದರ ಕೆಳಗಿನ ಆಯ್ಕೆಗೆ ಇಳಿಸಿದರೆ ಮತ್ತೆ ‘ಅಮ್‌ಮ’.

ಈಗ ಕಿಂಡಲ್. 2018ರಲ್ಲಿ ಬಂದ ತಂತ್ರಾಂಶದಿಂದ ಈಚೆಗೆ ಕಿಂಡಲ್‌ಗೂ ನಮ್ಮದೇ ಫಾಂಟ್ ಹಾಕಬಹುದು. ಅದರಲ್ಲಿ ಫಾಂಟ್ಸ್ ಫೋಲ್ಡರ್ ಮೊದಲೇ ಇರುತ್ತದೆ, ಅದಕ್ಕೆ ಕಡತ ಹಾಕಿ, ಅಕ್ಷರದ ಮೆನುವಿನಲ್ಲಿ ಆರಿಸಿಕೊಂಡರೆ ಆಯಿತು. 2024ರ ಪೇಪರ್‌ವೈಟ್ ಆದರೆ ಅದು ಪೆನ್ ಡ್ರೈವ್ ಥರ ಕಾಣುವುದಿಲ್ಲ, ಎಂಟಿಪಿ ಅನ್ನುವ ಬೇರೆ ವಿಧಾನದಲ್ಲಿ ಜೋಡಣೆ ಆಗುತ್ತದೆ. ವಿಂಡೋಸ್‌ಗೆ ತೊಂದರೆ ಇಲ್ಲ. ಮ್ಯಾಕ್ ಆದರೆ ಅದನ್ನು ತೆರೆಯುವ ಬೇರೆ ತಂತ್ರಾಂಶ ಹಾಕಿಕೊಳ್ಳಬೇಕು.

ಆದರೆ ಕಿಂಡಲ್‌ನಲ್ಲಿ ಕನ್ನಡದ ಇತಿಹಾಸ ಬೇಸರ ತರಿಸುವಂಥದ್ದು. 2016ರ ಕೊನೆಯಲ್ಲಿ ಅಮೆಜಾನ್ ಭಾರತೀಯ ಭಾಷೆಗಳ ಕಿಂಡಲ್ ಪುಸ್ತಕ ಶುರುಮಾಡಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಇಷ್ಟೊಂದು ಓದುವ, ಇಷ್ಟೊಂದು ಬರೆಯುವ ಭಾಷೆಗೆ ಆ ಬಾಗಿಲು ಆಗಲೇ ತೆರೆಯಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೇ ಕಿಂಡಲ್‌ನಲ್ಲಿ ಸಾಧನದ ಫಾಂಟ್ ಮೆನುವನ್ನೇ ನಂಬಿಕೊಳ್ಳದೆ, ಪುಸ್ತಕದ ಒಳಗೇ ಫಾಂಟ್ ಸೇರಿಸಿ ಕಳಿಸುವುದು ಒಳ್ಳೆಯದು. ಕ್ಯಾಲಿಬರ್‌ನಲ್ಲಿ ಪುಸ್ತಕವನ್ನು ಕಿಂಡಲ್ ಓದುವ ಎಝಡ್‌ಡಬ್ಲ್ಯು3 ರೂಪಕ್ಕೆ ಬದಲಾಯಿಸುವಾಗ ‘ಲುಕ್ ಅಂಡ್ ಫೀಲ್’ ವಿಭಾಗದಲ್ಲಿ ಫಾಂಟ್ ಕುಟುಂಬ ಸೇರಿಸುವ ಆಯ್ಕೆ ಇದೆ, ಅಲ್ಲಿ ಕನ್ನಡ ಫಾಂಟ್ ಕೊಡಿ. ಅಲ್ಲೇ ಇರುವ ‘ಸಬ್‌ಸೆಟ್’ ಟಿಕ್ ಹಾಕಬೇಡಿ. ಬಳಸದ ಅಕ್ಷರ ಕಿತ್ತು ಕಡತ ಸಣ್ಣದು ಮಾಡುವ ಆಯ್ಕೆ ಅದು. ಕನ್ನಡ ಫಾಂಟೇ ಕೆಲವು ನೂರು ಕೆಬಿ ಇರುತ್ತದೆ, ಉಳಿಯುವ ಜಾಗ ಏನೂ ಇಲ್ಲ, ಒಂದು ಒತ್ತಕ್ಷರ ಹೋದರೂ ನಷ್ಟ ನಮ್ಮದೇ. ಆಮೇಲೆ ಕಿಂಡಲ್‌ನಲ್ಲಿ ‘ಪಬ್ಲಿಷರ್ ಫಾಂಟ್’ ಆರಿಸಿ. ಎರಡರಲ್ಲಿ ಯಾವುದು ಅಂತ ಕೇಳಿದರೆ ಅತ್ತೆಗೆ ಕೋಬೊ ಮತ್ತು ಕೆಒರೀಡರ್ ಕೊಡಿ ಅನ್ನುತ್ತೇನೆ.

ಇನ್ನು ಯಾವ ಫಾಂಟ್ ಅನ್ನುವ ಪ್ರಶ್ನೆ. ಒತ್ತಕ್ಷರ ಕೂಡಿದ ಮೇಲೆ ಮಾತ್ರ ಇದಕ್ಕೆ ಬನ್ನಿ.

ಕೋಬೊ, ಕಿಂಡಲ್‌ಗಳಲ್ಲಿರುವ ಇ-ಇಂಕ್ ಪರದೆಗೂ ಫೋನ್ ಪರದೆಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಇ-ಇಂಕ್‌ನಲ್ಲಿ ತೆಳು ಗೆರೆ ಕಪ್ಪಾಗಿ ಕಾಣುವುದಿಲ್ಲ, ಬೂದು ಬಣ್ಣಕ್ಕೆ ತಿರುಗುತ್ತದೆ. ಇಂಚಿಗೆ 300 ಚುಕ್ಕಿ ಇರುವ ಈಗಿನ ಪರದೆಯಲ್ಲೂ ಹಾಗೇ, 167 ಚುಕ್ಕಿಯ ಹಳೆಯ ಅಗ್ಗದ ಕಿಂಡಲ್‌ನಲ್ಲಂತೂ ಕೇಳುವುದೇ ಬೇಡ. ಕನ್ನಡದಲ್ಲಿ ಇದರ ಏಟು ಬೀಳುವುದು ಎಲ್ಲಿ ಅಂದರೆ ಒತ್ತಕ್ಷರದ ಮೇಲೆ. ಮೇಲಿನ ಅಕ್ಷರ ಚೆನ್ನಾಗಿ ಕಾಣುತ್ತಿರುತ್ತದೆ, ಕೆಳಗಿನ ಒತ್ತು ಅರ್ಧ ಗಾತ್ರದ್ದು, ಅದರ ಗೆರೆ ಇನ್ನೂ ತೆಳು, ಅದು ಮಸುಕಾಗುತ್ತದೆ. ಅಕ್ಷರದ ಹೊಟ್ಟೆಯೊಳಗಿನ ಚುಕ್ಕಿ, ಅಡ್ಡಗೆರೆಗಳಿಗೂ ಇದೇ ಪಾಡು. ‘ರ’ ಮತ್ತು ‘ಠ’ ನಡುವೆ ಇರುವುದು ಒಂದು ಚುಕ್ಕಿ. ‘ಧ’ ಮತ್ತು ‘ಥ’ ನಡುವೆಯೂ ಒಂದು ಚುಕ್ಕಿ. ‘ಪ’ ಮತ್ತು ‘ಷ’ ನಡುವೆ ಒಳಗಿನ ಒಂದು ಗೆರೆ. ವಯಸ್ಸಾದ ಕಣ್ಣು ಇವುಗಳ ಹತ್ತಿರ ಬಂದು ತಡವರಿಸುತ್ತದೆ, ಆಮೇಲೆ ‘ಈ ಮಿಷಿನ್ ನನಗೆ ಬೇಡ’ ಅಂತ ಪಕ್ಕಕ್ಕೆ ಇಟ್ಟುಬಿಡುತ್ತಾರೆ. ಅದಕ್ಕೇ ಫಾಂಟ್ ಅಂದವಾಗಿದೆಯಾ ಅಂತ ನೋಡುವ ಮೊದಲು ಒತ್ತು ದೊಡ್ಡದಾಗಿದೆಯಾ, ಗೆರೆ ದಪ್ಪ ಇದೆಯಾ, ಚುಕ್ಕಿ ಬಿಡಿಯಾಗಿ ಕಾಣುತ್ತದಾ ಅಂತ ನೋಡಿ.

ನಿಮ್ಮ ಅತ್ತೆಯ ಕಣ್ಣಿಗೆ ನಾನು ಮೊದಲು ಹೇಳುವುದು ನೋಟೊ ಸ್ಯಾನ್ಸ್ ಕನ್ನಡ, ಅದರಲ್ಲೂ ಮೀಡಿಯಂ ತೂಕದ್ದು (ತೂಕ ಅಂದರೆ ಗೆರೆಯ ದಪ್ಪ). ಗೆರೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ದಪ್ಪ, ಹಾಗಾಗಿ ಯಾವ ಭಾಗವೂ ಮಾಸುವುದಿಲ್ಲ. ಗೂಗಲ್ ಫಾಂಟ್ಸ್‌ನಿಂದ ಇಳಿಸಿಕೊಂಡ ಜಿಪ್ ಒಳಗೆ ಹೆಸರಲ್ಲಿ ‘ವೇರಿಯಬಲ್’ ಅಂತ ಇರುವ ಒಂದು ಕಡತ ಮತ್ತು ‘ಸ್ಟಾಟಿಕ್’ ಅನ್ನುವ ಫೋಲ್ಡರ್ ಎರಡೂ ಇರುತ್ತವೆ. ವೇರಿಯಬಲ್ ಕಡತ ಬಿಟ್ಟುಬಿಡಿ. ಎಲ್ಲ ತೂಕಗಳೂ ಒಂದೇ ಕಡತದಲ್ಲಿ ಇರುವಂಥದ್ದು ಅದು, ಇ-ರೀಡರ್‌ಗಳಲ್ಲಿ ಬೇಕಾದ ತೂಕ ಸಿಗುವ ಭರವಸೆ ಇಲ್ಲ. ಸ್ಟಾಟಿಕ್ ಫೋಲ್ಡರಿನಿಂದ ಮೀಡಿಯಂ ಮತ್ತು ಬೋಲ್ಡ್ ಎರಡೇ ತೆಗೆದುಕೊಳ್ಳಿ. ಮೀಡಿಯಂ ಸಾಲದಿದ್ದರೆ ಸೆಮಿಬೋಲ್ಡ್. ಇಡೀ ಪುಸ್ತಕವನ್ನು ಬೋಲ್ಡ್‌ನಲ್ಲಿ ಓದಿಸಬೇಡಿ, ಒತ್ತಕ್ಷರದ ಸಣ್ಣ ಸಂದುಗಳು ಮುಚ್ಚಿಹೋಗುತ್ತವೆ.

ಅಚ್ಚಿನ ಪುಸ್ತಕದ ಥರ ದಪ್ಪ-ತೆಳು ಗೆರೆ ಇರುವುದೇ ಇಷ್ಟ ಅಂದರೆ ನೋಟೊ ಸೆರಿಫ್ ಕನ್ನಡ ಇದೆ. ಕಾದಂಬರಿ ಓದಲು ನನಗೆ ಇದೇ ಹೆಚ್ಚು ಹಿಡಿಸುತ್ತದೆ, ತೂಕ ಮಾತ್ರ ಇಲ್ಲೂ ಮೀಡಿಯಂ ಇಡಿ. ಟೈರೋ ಕನ್ನಡ ಇನ್ನೊಂದು. ಹಾರ್ವರ್ಡ್ ಯೂನಿವರ್ಸಿಟಿ ಪ್ರೆಸ್‌ನ ಮೂರ್ತಿ ಕ್ಲಾಸಿಕಲ್ ಲೈಬ್ರರಿ ಪುಸ್ತಕಗಳಿಗಾಗಿ ಮಾಡಿಸಿದ ಅಕ್ಷರಗಳಿಂದ ಬಂದದ್ದು, ಸಾಹಿತ್ಯ ಮುದ್ರಿಸಲು ಎಂದೇ ಹುಟ್ಟಿದ ಫಾಂಟ್. ವಚನ, ಹಳಗನ್ನಡ ಓದುವಾಗ ಇದರ ಸೊಗಸು ಬೇರೆ ಯಾವುದಕ್ಕೂ ಇಲ್ಲ. ಆದರೆ ರೆಗ್ಯುಲರ್ ಮತ್ತು ಇಟ್ಯಾಲಿಕ್ ಬಿಟ್ಟು ಬೇರೆ ತೂಕ ಇಲ್ಲ. ಹಾಗಾಗಿ ಅತ್ತೆಗೆ ಬೇಡ, ನಿಮಗೆ ಇಟ್ಟುಕೊಳ್ಳಿ. ಅನೇಕ್ ಕನ್ನಡದಲ್ಲಿ ತೂಕವೂ ಅಗಲವೂ ಬೇಕಾದಷ್ಟು ಬಗೆ ಇವೆ, ಸಣ್ಣ ಪರದೆಯಲ್ಲಿ ಜಾಸ್ತಿ ಪದ ಕೂರಿಸಬೇಕು ಅನ್ನುವವರಿಗೆ ಸರಿ. ಬಾಲೂ ತಮ್ಮ ಶೀರ್ಷಿಕೆಗೆ ಚೆಂದ, ಅಧ್ಯಾಯಗಟ್ಟಲೆ ಓದಲು ಅಲ್ಲ. ಲಿನಕ್ಸ್ ಬಳಸುವವರಿಗೆ ಗುಬ್ಬಿ, ನವಿಲು, ಲೋಹಿತ್ ಗೊತ್ತಿರುತ್ತವೆ, ಅವೂ ಕೆಲಸ ಮಾಡುತ್ತವೆ. ನೋಟೊ, ಟೈರೋ, ಅನೇಕ್, ಬಾಲೂ ಎಲ್ಲ ಮುಕ್ತ ಪರವಾನಗಿಯವು, ಸಾಧನಕ್ಕೆ ಹಾಕಬಹುದು, ಪುಸ್ತಕದೊಳಗೂ ಸೇರಿಸಬಹುದು. ವಿಂಡೋಸ್ ಜೊತೆ ಬರುವ ತುಂಗಾ, ನಿರ್ಮಲಾ ಹಾಗಲ್ಲ, ಅವನ್ನು ಬೇರೆ ಸಾಧನಕ್ಕೆ ಎತ್ತಿ ಹಾಕುವುದು ಬೇಡ.

ಫಾಂಟ್ ಆರಿಸುವಾಗ ಪುಸ್ತಕದ ಯಾವುದೋ ಪುಟ ನೋಡಿ ತೀರ್ಮಾನ ಮಾಡಬೇಡಿ. ಒಂದು ಪರೀಕ್ಷೆ ಪುಟ ಮಾಡಿಕೊಳ್ಳಿ. ಕರ್ನಾಟಕ, ರಾಷ್ಟ್ರ, ಸ್ತ್ರೀ, ಲಕ್ಷ್ಮೀ, ಜ್ಞಾನ, ಕೃಷ್ಣ, ಉಜ್ಜ್ವಲ, ಸೂರ್ಯ, ರ‍್ಯಾಂಕ್, ಕಂಠ, ಷಷ್ಠಿ, ಅರ್ಥ, ಅರ್ಧ, ಇವಿಷ್ಟನ್ನು ಬರೆದು ಇಪಬ್ ಮಾಡಿ ಹಾಕಿ. ‘ಸೂರ್ಯ’ದಲ್ಲಿ ಅರ್ಕಾವತ್ತು ಬರಬೇಕು, ‘ರ‍್ಯಾಂಕ್’ನಲ್ಲಿ ರಕಾರ ಪೂರ್ತಿ ನಿಂತು ಕೆಳಗೆ ಯ ಒತ್ತು ಬರಬೇಕು. ಎರಡೂ ಒಂದೇ ಥರ ಬಂದರೆ ಫಾಂಟ್ ಅಥವಾ ಎಂಜಿನ್ ಎಲ್ಲೋ ಎಡವಿದೆ. ‘ರಾಷ್ಟ್ರ’ದಲ್ಲಿ ಎರಡು ಒತ್ತು ಇವೆ. ಅವು ಒಂದರ ಮೇಲೊಂದು ಬಿದ್ದಿಲ್ಲ, ಕೆಳಗಿನ ಸಾಲಿನ ಗುಡಿಸಿಗೆ ತಾಗಿಲ್ಲ ಅಂತ ನೋಡಿ. ಕೊನೆಗೆ ಅತ್ತೆಯ ಕೈಗೆ ಕೊಟ್ಟು ‘ಅರ್ಥ, ಅರ್ಧ’ ಓದಿ ಅನ್ನಿ. ಅವರು ತಡೆಯಿಲ್ಲದೆ ಓದಿದ ಫಾಂಟೇ ಅವರಿಗೆ ಸರಿಯಾದ ಫಾಂಟ್, ನಿಮಗೋ ನನಗೋ ಯಾವುದು ಚೆಂದ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ.

ಸಾಲು ತಾಗುವ ಮಾತು ಬಂತು. ಕನ್ನಡಕ್ಕೆ ಇಂಗ್ಲಿಷಿಗಿಂತ ಸಾಲಿನ ನಡುವೆ ಜಾಸ್ತಿ ಜಾಗ ಬೇಕು, ಮೇಲೆ ಗುಡಿಸು, ಕೆಳಗೆ ಒತ್ತು ಎರಡೂ ಇರುತ್ತವಲ್ವಾ. ಕ್ಯಾಲಿಬರ್‌ನಲ್ಲಿ ಕನಿಷ್ಠ ಸಾಲಿನ ಎತ್ತರ 120 ಶೇಕಡ ಅಂತ ಮೊದಲೇ ಇರುತ್ತದೆ, ಕನ್ನಡಕ್ಕೆ ಅದನ್ನು 150ಕ್ಕೆ ಏರಿಸಿ. ಅಕ್ಷರದ ಗಾತ್ರವನ್ನೇ ಹಿಗ್ಗಿಸುತ್ತಾ ಹೋಗುವ ಬದಲು ಸಾಲು ಬಿಡಿಸಿದರೆ ಓದು ಎಷ್ಟೋ ಸಲೀಸಾಗುತ್ತದೆ. ಎರಡೂ ಅಂಚಿಗೆ ಸಮ ಮಾಡುವ ಜಸ್ಟಿಫೈ ಆರಿಸಬೇಡಿ, ಎಡಕ್ಕೆ ಮಾತ್ರ ಹೊಂದಿಸಿ. ನಮ್ಮ ಪದಗಳು ಉದ್ದ, ಪ್ರತ್ಯಯ ಸೇರಿ ಇನ್ನೂ ಉದ್ದ. ಆರು ಇಂಚಿನ ಪರದೆಯಲ್ಲಿ ಒಂದು ಸಾಲಿಗೆ ಮೂರು ನಾಲ್ಕು ಪದ ಬಂದರೆ ಹೆಚ್ಚು, ಅದನ್ನು ಎಳೆದು ಸಮ ಮಾಡಿದರೆ ನಡುವೆ ದೊಡ್ಡ ದೊಡ್ಡ ತೂತು ಬೀಳುತ್ತವೆ. ಒತ್ತಿ ಹೇಳಬೇಕಾದ ಪದಕ್ಕೆ ಓರೆ ಅಕ್ಷರ ಬಳಸಿದ ಪುಸ್ತಕಗಳಿರುತ್ತವೆ. ನೋಟೊದಲ್ಲಿ ಕನ್ನಡಕ್ಕೆ ಇಟ್ಯಾಲಿಕ್ ಇಲ್ಲ, ಸಾಧನವೇ ಅಕ್ಷರ ವಾಲಿಸಿ ತೋರಿಸುತ್ತದೆ, ಅದು ಕೆಟ್ಟದಾಗಿ ಕಾಣುತ್ತದೆ. ಕ್ಯಾಲಿಬರ್‌ನಲ್ಲಿ ಪುಸ್ತಕ ತಿದ್ದುವಾಗ ಅದನ್ನು ಬೋಲ್ಡ್ ಮಾಡಿಕೊಳ್ಳಬಹುದು.

ಇಷ್ಟೆಲ್ಲ ಮಾಡಿದರೂ ಕೆಲವು ಪುಸ್ತಕ ಬರೀ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಂಡರೆ ಅದು ಯುನಿಕೋಡ್ ಅಲ್ಲ. ‘ನುಡಿ’, ‘ಬರಹ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು. ಅಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಅದಕ್ಕೆ ಆ ಹಳೆಯ ಫಾಂಟನ್ನೇ ಹುಡುಕಿ ಹಾಕುವ ದಾರಿ ಹಿಡಿಯಬೇಡಿ, ಹುಡುಕು, ನಿಘಂಟು ಯಾವುದೂ ಕೆಲಸ ಮಾಡುವುದಿಲ್ಲ. ನುಡಿ, ಬರಹ ಎರಡರಲ್ಲೂ ಯುನಿಕೋಡ್‌ಗೆ ಬದಲಾಯಿಸುವ ಸಾಧನ ಇದೆ, ಒಮ್ಮೆ ಬದಲಾಯಿಸಿ ಆಮೇಲೆ ಇಪಬ್ ಮಾಡಿ. ಪಿಡಿಎಫ್‌ಗಂತೂ ಫಾಂಟ್ ಬದಲಾಯಿಸುವ ಮಾತೇ ಇಲ್ಲ, ಅಲ್ಲಿ ಅಕ್ಷರ ಪುಟಕ್ಕೆ ಅಂಟಿಕೊಂಡೇ ಬರುತ್ತದೆ. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕವಾದರೆ ಕೆಒರೀಡರ್‌ನಲ್ಲಿ ರೀಫ್ಲೋ ಹಾಕಿ ನೋಡಿ. ಅದು ಪುಟದ ಚಿತ್ರವನ್ನೇ ಪದಪದವಾಗಿ ಕತ್ತರಿಸಿ ದೊಡ್ಡದು ಮಾಡಿ ಜೋಡಿಸುತ್ತದೆ, ಕನ್ನಡದಲ್ಲೂ ನಡೆಯುತ್ತದೆ.

ಶುರುಮಾಡಲು ಪುಸ್ತಕ ಬೇಕಿದ್ದರೆ ಕನ್ನಡ ವಿಕಿಸೋರ್ಸ್‌ಗೆ ಹೋಗಿ. ಅಲ್ಲಿನ ಪಠ್ಯ ಯುನಿಕೋಡ್‌ನಲ್ಲೇ ಇರುತ್ತದೆ, ನೇರವಾಗಿ ಇಪಬ್ ಇಳಿಸಿಕೊಳ್ಳಬಹುದು. ಪುಸ್ತಕ ಸರಿಯಾಗಿ ತೆರೆದುಕೊಂಡರೂ ಕೋಬೊದ ಮೊದಲ ಪರದೆಯಲ್ಲಿ ಅದರ ಹೆಸರು ಡಬ್ಬಿಗಳಾಗಿಯೇ ಉಳಿಯಬಹುದು, ಯಾಕೆಂದರೆ ನಾವು ಹಾಕಿದ ಫಾಂಟ್ ಪುಸ್ತಕದ ಒಳಗೆ ಮಾತ್ರ ನಡೆಯುತ್ತದೆ, ಮೆನುಗಳಲ್ಲಿ ಅಲ್ಲ. ಆಗ ಕ್ಯಾಲಿಬರ್‌ನಲ್ಲಿ ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಮತ್ತೆ ಕಳಿಸಿ, ಮುಖಪುಟದ ಚಿತ್ರ ಕನ್ನಡದ್ದೇ ಇರಲಿ. ಅತ್ತೆ ಚಿತ್ರ ನೋಡಿಯೇ ಪುಸ್ತಕ ಗುರುತು ಹಿಡಿಯುತ್ತಾರೆ.